ಪದವಿ ಮೊದಲ ವರ್ಷದ ರಸಾಯನಶಾಸ್ತ್ರ: ಯಾವ ತೊಡಕಿಗೆ ಯಾವ ಪುಸ್ತಕ ತೆರೆಯಬೇಕು

ಕಲಬುರಗಿಯ ಯಾವುದೇ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ತರಗತಿಗಳು ಆರಂಭವಾಗಿ ಹದಿನೈದು ದಿನ ಕಳೆಯುವುದರೊಳಗೆ ವಿದ್ಯಾರ್ಥಿಯ ಬಳಿ ಸಾಕಷ್ಟು ಸಾಮಗ್ರಿ ಸೇರಿಕೊಂಡಿರುತ್ತದೆ. ಹಿಂದಿನ ವರ್ಷದವರು ಕೊಟ್ಟ ಝೆರಾಕ್ಸ್ ನೋಟ್ಸ್, ಎರಡು ಮೂರು ಗೈಡು, ವಾಟ್ಸಾಪ್ ಗುಂಪಿನಲ್ಲಿ ಬಂದ ಪಿಡಿಎಫ್‌ಗಳು, 'ಆಮೇಲೆ ನೋಡೋಣ' ಎಂದು ಉಳಿಸಿಕೊಂಡ ವಿಡಿಯೊಗಳು ಎಲ್ಲವೂ ಇರುತ್ತವೆ. ಆದರೂ ಮೊದಲ ಕಿರುಪರೀಕ್ಷೆಯಲ್ಲಿ ಒಂದು ಸರಳ ಮೋಲಾರಿಟಿಯ ಲೆಕ್ಕಕ್ಕೆ ಕೈ ನಿಂತುಬಿಡುತ್ತದೆ. ಹಲವು ವರ್ಷ ಈ ವಿಷಯವನ್ನು ಪಾಠ ಮಾಡಿದ ಮೇಲೆ ನನಗೆ ತಿಳಿದುಬಂದದ್ದು ಇಷ್ಟು: ನಮ್ಮ ಮಕ್ಕಳಿಗೆ ಸಾಮಗ್ರಿಯ ಬರವಿಲ್ಲ, ತಮ್ಮ ತೊಡಕು ಯಾವುದು ಮತ್ತು ಅದಕ್ಕೆ ಯಾವ ಸಾಮಗ್ರಿ ಎಂಬ ಹೊಂದಿಕೆ ಇಲ್ಲ. ಲೆಕ್ಕ ಬಾರದವನು ವಿಡಿಯೊ ನೋಡುತ್ತಾನೆ, ಇಂಗ್ಲಿಷ್ ಪಾರಿಭಾಷಿಕ ಪದ ಅರ್ಥವಾಗದವಳು ಗೈಡು ಬದಲಿಸುತ್ತಾಳೆ, ಎರಡರಿಂದಲೂ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯನ್ನು ಪುಸ್ತಕಗಳ ಪಟ್ಟಿಯಂತೆ ಬರೆಯದೆ, ತೊಡಕುಗಳ ಅನುಕ್ರಮದಲ್ಲಿ ಬರೆದಿದ್ದೇನೆ.

ಮೊದಲನೆಯ ಹೆಜ್ಜೆ: ನಿಮ್ಮ ಪಠ್ಯಕ್ರಮ ಯಾವುದೆಂದು ಖಚಿತಪಡಿಸಿಕೊಳ್ಳಿ

ಇದು ಚಿಕ್ಕ ಕೆಲಸ, ಆದರೆ ಇದನ್ನು ಬಿಟ್ಟವರು ತಿಂಗಳುಗಟ್ಟಲೆ ಬೇಡದ ಪಾಠ ಓದುತ್ತಾರೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಡೆಯಿತು; 2024-25ರಿಂದ ಮತ್ತೆ ಮೂರು ವರ್ಷದ ಪದವಿ ಮತ್ತು ಮೂರು ಪ್ರಧಾನ ವಿಷಯಗಳ ಪದ್ಧತಿ ಬಂದಿತು. ಹೀಗಾಗಿ ಮೂರು ವರ್ಷ ಹಿಂದಿನವರ ನೋಟ್ಸಿನಲ್ಲಿರುವ ಘಟಕಗಳ ಕ್ರಮಕ್ಕೂ ನಿಮ್ಮ ಘಟಕಗಳ ಕ್ರಮಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಜೊತೆಗೆ, ಒಂದು ಕಾಲದಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಕಾಲೇಜುಗಳಿಗೆ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸುತ್ತಿತ್ತು. ಈಚೆಗೆ ರಾಯಚೂರು ಮತ್ತು ಬೀದರಿನಲ್ಲಿ ಹೊಸ ವಿಶ್ವವಿದ್ಯಾಲಯಗಳು ಬಂದಿವೆ, ಕೆಲವು ಕಾಲೇಜುಗಳು ಸ್ವಾಯತ್ತವಾಗಿವೆ. ಕಾಲೇಜಿನ ವಿಭಾಗದಿಂದ ಈ ವರ್ಷದ ಪಠ್ಯಕ್ರಮದ ಪ್ರತಿಯನ್ನು ಪಡೆದು, ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಅಂಟಿಸಿ, ಪಾಠ ಮುಗಿದಂತೆಲ್ಲ ದಿನಾಂಕ ಹಾಕುತ್ತಾ ಹೋಗಿ.

ಎರಡನೆಯ ಹೆಜ್ಜೆ: ಒಂದು ಗಂಟೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಯಾವ ಪುಸ್ತಕವನ್ನೂ ತೆರೆಯದೆ, ಕ್ಯಾಲ್ಕುಲೇಟರ್ ಮಾತ್ರ ಇಟ್ಟುಕೊಂಡು, ಈ ಆರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಿರಿ. 9 ಗ್ರಾಂ ನೀರಿನಲ್ಲಿ ಎಷ್ಟು ಮೋಲ್ ನೀರಿದೆ? 25 ಮಿಲಿಲೀಟರನ್ನು ಲೀಟರಿಗೆ ಪರಿವರ್ತಿಸಿದರೆ ಎಷ್ಟು? ಪ್ರೊಪೇನ್ ಅನಿಲವು ಆಮ್ಲಜನಕದಲ್ಲಿ ಉರಿಯುವ ಸಮೀಕರಣವನ್ನು ಬರೆದು ಸರಿದೂಗಿಸಿ. ಕ್ಲೋರಿನ್ ಪರಮಾಣುವಿನ ಎಲೆಕ್ಟ್ರಾನ್ ವಿನ್ಯಾಸವೇನು? ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಲ್ಲಿ ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ ಎಷ್ಟು? ಅಮೋನಿಯಾ ಅಣುವಿನ ಆಕಾರವೇನು, ಏಕೆ?

ಉತ್ತರಗಳು ಕ್ರಮವಾಗಿ ಹೀಗಿವೆ: 0.5 ಮೋಲ್, 0.025 ಲೀಟರ್, ಒಂದು ಪ್ರೊಪೇನಿಗೆ ಐದು ಆಮ್ಲಜನಕ ಅಣುಗಳು ಸೇರಿ ಮೂರು ಇಂಗಾಲದ ಡೈಆಕ್ಸೈಡ್ ಮತ್ತು ನಾಲ್ಕು ನೀರಿನ ಅಣುಗಳಾಗುತ್ತವೆ, ಕ್ಲೋರಿನ್ನಿಗೆ 2, 8, 7, ಮ್ಯಾಂಗನೀಸಿಗೆ +7, ಅಮೋನಿಯಾಕ್ಕೆ ಸಾರಜನಕದ ಮೇಲೆ ಒಂಟಿ ಎಲೆಕ್ಟ್ರಾನ್ ಜೋಡಿಯೊಂದು ಇರುವುದರಿಂದ ತ್ರಿಕೋನ ಪಿರಮಿಡ್ ಆಕಾರ. ಮೊದಲೆರಡರಲ್ಲಿ ತಪ್ಪಿದವರು ಮೂರನೆಯ ಹೆಜ್ಜೆಯಲ್ಲಿ ಎರಡು ವಾರ ಕಳೆಯಬೇಕು. ಇಂಗ್ಲಿಷ್ ಪದಗಳೇ ತೊಡಕಾಗಿ, ಕನ್ನಡದಲ್ಲಿ ಕೇಳಿದ್ದರಿಂದ ಮಾತ್ರ ಉತ್ತರ ಹೊಳೆದವರು ನಾಲ್ಕನೆಯದಕ್ಕೆ ಹೋಗಬೇಕು. ಎಲ್ಲ ಸರಿಯಾದವರು ನೇರವಾಗಿ ಐದನೆಯದನ್ನು ಓದಬಹುದು. ಅಂಥವರು ಪ್ರತಿ ತರಗತಿಯಲ್ಲಿ ಬೆರಳೆಣಿಕೆಯಷ್ಟು ಜನ ಇರುತ್ತಾರೆ, ಉಳಿದವರು ಅದಕ್ಕಾಗಿ ನಾಚಿಕೊಳ್ಳಬೇಕಿಲ್ಲ.

ಮೂರನೆಯ ಹೆಜ್ಜೆ: ಮೋಲ್ ಪರಿಕಲ್ಪನೆಯನ್ನು ಕೈಬರಹದಲ್ಲಿ ಕಲಿಯಿರಿ

ಮೊದಲ ವರ್ಷದಲ್ಲಿ ಅನುತ್ತೀರ್ಣರಾದವರ ಉತ್ತರ ಪತ್ರಿಕೆಗಳನ್ನು ನೋಡುತ್ತಾ ಹೋದರೆ ಬಹುಪಾಲು ತೊಂದರೆಗಳ ಬೇರು ಮೋಲ್ ಎಂಬ ಒಂದೇ ಮಾತಿನಲ್ಲಿರುವುದು ಕಾಣುತ್ತದೆ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇದನ್ನು ತೊಗರಿಯಿಂದ ಹೇಳುವುದು ಸುಲಭ. ಗಂಜ್ ಮಾರುಕಟ್ಟೆಯಲ್ಲಿ ಯಾರೂ ತೊಗರಿ ಕಾಳುಗಳನ್ನು ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತಾರೆ. ನೂರು ಕಾಳುಗಳು 10 ಗ್ರಾಂ ತೂಗುತ್ತವೆ ಎಂದು ಇಟ್ಟುಕೊಂಡರೆ, 50 ಕಿಲೋದ ಚೀಲದಲ್ಲಿ ಐದು ಲಕ್ಷ ಕಾಳುಗಳಿವೆ ಎಂದು ಚೀಲ ಬಿಚ್ಚದೆಯೇ ಹೇಳಬಹುದು. ರಸಾಯನಶಾಸ್ತ್ರಜ್ಞನು ಮಾಡುವುದೂ ಇದನ್ನೇ: ಕಣ್ಣಿಗೆ ಕಾಣದ ಕಣಗಳನ್ನು ತೂಕದಿಂದ ಎಣಿಸುತ್ತಾನೆ. ಅವನ ಚೀಲದ ಹೆಸರು ಮೋಲ್, ಆ ಚೀಲದಲ್ಲಿರುವ ಕಣಗಳ ಸಂಖ್ಯೆ 6.02214076 × 10²³. 2019ರ ಮೇ 20ರಿಂದ ಈ ಸಂಖ್ಯೆಯೇ ಮೋಲ್‌ನ ವ್ಯಾಖ್ಯೆಯಾಗಿದೆ. ಅದಕ್ಕಿಂತ ಹಳೆಯ ಪುಸ್ತಕಗಳಲ್ಲಿ '12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು' ಎಂಬ ಹಿಂದಿನ ವ್ಯಾಖ್ಯೆ ಇರುತ್ತದೆ, ಲೆಕ್ಕ ಮಾಡುವಾಗ ಎರಡರಿಂದಲೂ ಒಂದೇ ಉತ್ತರ ಬರುತ್ತದೆ.

ಈಗ ಒಂದು ಲೆಕ್ಕ. ಶಹಾಬಾದ್, ವಾಡಿ, ಸೇಡಂ, ಮಳಖೇಡದ ಸುತ್ತ ನೆಲದಡಿಯಲ್ಲಿರುವುದು ಸುಣ್ಣದ ಕಲ್ಲು. ಮನೆಗೆ ಹಾಸುವ ಶಹಾಬಾದ್ ಕಲ್ಲೂ ಅದೇ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಲು ಕಾರಣವೂ ಅದೇ. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ನೂರಕ್ಕೆ 80 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ 250 ಕಿಲೋ ಕಲ್ಲನ್ನು ಪೂರ್ತಿ ಸುಟ್ಟರೆ ಎಷ್ಟು ಕ್ಯಾಲ್ಸಿಯಂ ಆಕ್ಸೈಡ್ ದೊರೆಯುತ್ತದೆ?

ಮೊದಲು ಶುದ್ಧ ಭಾಗವನ್ನು ತೆಗೆಯಿರಿ: 250ರ 80 ಪ್ರತಿಶತ 200 ಕಿಲೋ, ಅಂದರೆ 2,00,000 ಗ್ರಾಂ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಮ್ಲಜನಕ ಸೇರಿ 48. ಒಟ್ಟು ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 100 ಗ್ರಾಂ. ಆದ್ದರಿಂದ 2,000 ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಒಂದು ಮೋಲ್ ಕಾರ್ಬೊನೇಟಿನಿಂದ ಒಂದು ಮೋಲ್ ಆಕ್ಸೈಡ್ ಬರುವುದರಿಂದ ಆಕ್ಸೈಡೂ 2,000 ಮೋಲ್. ಅದರ ಮೋಲಾರ್ ರಾಶಿ 56, ಆದ್ದರಿಂದ 1,12,000 ಗ್ರಾಂ ಅಥವಾ 112 ಕಿಲೋ. ಉಳಿದ 88 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು. ಎರಡನ್ನೂ ಕೂಡಿಸಿದರೆ 200 ಬರಬೇಕು, ಬಂದಿದೆ. ಇಂಥ ತಾಳೆ ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಇಲ್ಲಿ ನಡೆದ ಕ್ರಮವನ್ನು ಗಮನಿಸಿ: ತೂಕದಿಂದ ಮೋಲಿಗೆ, ಮೋಲಿನಿಂದ ಸಮೀಕರಣದ ಮೂಲಕ ಇನ್ನೊಂದು ವಸ್ತುವಿನ ಮೋಲಿಗೆ, ಅಲ್ಲಿಂದ ಮತ್ತೆ ತೂಕಕ್ಕೆ. ದ್ರಾವಣದ ಲೆಕ್ಕವಾದರೆ ತೂಕದ ಜಾಗದಲ್ಲಿ ಗಾತ್ರ ಮತ್ತು ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಎಂಬುದು) ಬರುತ್ತವೆ, ಅನಿಲವಾದರೆ ಒತ್ತಡ, ಗಾತ್ರ ಮತ್ತು ತಾಪ ಬರುತ್ತವೆ. ನಡುವಿನ ಸೇತುವೆ ಮಾತ್ರ ಮೋಲ್ ಆಗಿಯೇ ಉಳಿಯುತ್ತದೆ. ಎರಡು ವಾರ ದಿನಕ್ಕೆ ಐದರಂತೆ ಇಂಥ ಲೆಕ್ಕಗಳನ್ನು ಬಿಡಿಸಿ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಏಕಮಾನ ಬರೆಯುವುದು ಕಡ್ಡಾಯ. ಬಿಡಿಸಿದ ಲೆಕ್ಕವನ್ನು ಓದುವುದರಿಂದ ಏನೂ ಬರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ: ನನ್ನ ಮೊದಲ ವರ್ಷದಲ್ಲಿ ಇಡೀ ಅಧ್ಯಾಯದ ಮಾದರಿ ಲೆಕ್ಕಗಳನ್ನು ಕಥೆಯಂತೆ ಓದಿ, ಎಲ್ಲವೂ ತಿಳಿದಿದೆ ಎಂದು ನಂಬಿ ಪರೀಕ್ಷೆಗೆ ಕುಳಿತು, ಇಪ್ಪತ್ತಕ್ಕೆ ಆರು ಅಂಕ ಪಡೆದಿದ್ದೆ. ಈಗ ನಾನು ಹೇಳುವುದು, ಮಾದರಿ ಲೆಕ್ಕದ ಉತ್ತರವನ್ನು ಕಾಗದದಿಂದ ಮುಚ್ಚಿ, ನೀವು ಬಿಡಿಸಿದ ನಂತರವೇ ಕಾಗದ ಸರಿಸಿ.

ಈ ಹೆಜ್ಜೆಗೆ ಬೇಕಾದ ಪುಸ್ತಕ ಒಂದೇ: ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ರಸಾಯನಶಾಸ್ತ್ರದ ಮೊದಲ ಅಧ್ಯಾಯ. ಅದರ ಎಲ್ಲ ಅಭ್ಯಾಸ ಪ್ರಶ್ನೆಗಳನ್ನು ಮುಗಿಸದೆ ಇನ್ನೊಂದು ಪುಸ್ತಕವನ್ನು ಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಭಾಷೆಯ ತೊಡಕನ್ನು ಬೇರೆಯಾಗಿಯೇ ಬಿಡಿಸಿಕೊಳ್ಳಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನಮ್ಮ ಕಾಲೇಜುಗಳಲ್ಲಿ ಬಹಳ. ಬೀದರ್ ಮತ್ತು ಕಲಬುರಗಿಯಲ್ಲಿ ಉರ್ದು ಮಾಧ್ಯಮದಿಂದ, ಗಡಿ ಭಾಗದಲ್ಲಿ ಮರಾಠಿ ಮಾಧ್ಯಮದಿಂದ ಬಂದವರೂ ಇರುತ್ತಾರೆ. ಇವರಲ್ಲಿ ಅನೇಕರು ತಮಗೆ ರಸಾಯನಶಾಸ್ತ್ರವೇ ಬರುವುದಿಲ್ಲ ಎಂದು ತೀರ್ಮಾನಿಸಿಕೊಳ್ಳುತ್ತಾರೆ. ಬಾರದಿರುವುದು ವಿಷಯವಲ್ಲ, ವಿಷಯದ ಇಂಗ್ಲಿಷ್ ಹೆಸರು. 'ಉತ್ಕರ್ಷಣ' ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು ಎಂದು ಥಟ್ಟನೆ ಹೇಳುವ ಹುಡುಗಿ 'ಆಕ್ಸಿಡೇಶನ್' ಎಂದು ಕೇಳಿದಾಗ ಆಮ್ಲಜನಕ ಸೇರುವುದು ಎಂದಷ್ಟೇ ಹೇಳಿ ನಿಲ್ಲುತ್ತಾಳೆ.

ಇದಕ್ಕೊಂದು ಪದಗಳ ನೋಟ್‌ಪುಸ್ತಕ ಮಾಡಿ, ಪ್ರತಿ ಪುಟದಲ್ಲಿ ಮೂರು ಕಂಬ ಎಳೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಶಾಲೆಯಲ್ಲಿ ಕಲಿತ ಕನ್ನಡ ಪದ, ಮೂರನೆಯದರಲ್ಲಿ ಆ ಪದವನ್ನು ಬಳಸಿ ನೀವೇ ರಚಿಸಿದ ಒಂದು ಇಂಗ್ಲಿಷ್ ವಾಕ್ಯ ಬರಬೇಕು. ಮೂರನೆಯ ಕಂಬವನ್ನು ಬಿಟ್ಟರೆ ಇಡೀ ಶ್ರಮ ವ್ಯರ್ಥ, ಏಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಬಿಡಿ ಪದವನ್ನಲ್ಲ, ವಾಕ್ಯವನ್ನು. ದಿನಕ್ಕೆ ಐದು ಪದಗಳಂತೆ ಒಂದು ಸೆಮಿಸ್ಟರಿನಲ್ಲಿ ನಾನೂರಕ್ಕೂ ಹೆಚ್ಚು ಪದಗಳಾಗುತ್ತವೆ. ಮೊದಲ ವರ್ಷಕ್ಕೆ ಅಷ್ಟು ಸಾಕು.

ಕೆಲವು ಪದಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕನ್ನಡದಲ್ಲಿ 'ಪ್ರಬಲ ಆಮ್ಲ' ಎಂಬ ಮಾತನ್ನು ಕೆಲವು ಕಡೆ ನೀರು ಕಡಿಮೆ ಇರುವ ಗಾಢ ಆಮ್ಲಕ್ಕೂ, ಕೆಲವು ಕಡೆ ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಒಡೆಯುವ ಆಮ್ಲಕ್ಕೂ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ 'ಕಾನ್ಸಂಟ್ರೇಟೆಡ್' ಮತ್ತು 'ಸ್ಟ್ರಾಂಗ್' ಎಂಬ ಬೇರೆ ಬೇರೆ ಪದಗಳಿವೆ. ಗಾಢ ಅಸಿಟಿಕ್ ಆಮ್ಲ ಕಾನ್ಸಂಟ್ರೇಟೆಡ್ ಆಗಿದ್ದರೂ ಸ್ಟ್ರಾಂಗ್ ಅಲ್ಲ. ತುಂಬಾ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸ್ಟ್ರಾಂಗ್, ಆದರೆ ಕಾನ್ಸಂಟ್ರೇಟೆಡ್ ಅಲ್ಲ. ಇನ್ನೊಂದು ಕುತೂಹಲದ ಸಂಗತಿ: 'ಆಮ್ಲಜನಕ' ಎಂಬ ಕನ್ನಡ ಪದ 'ಆಕ್ಸಿಜನ್' ಎಂಬುದರ ಅರ್ಥಾನುವಾದ, ಎರಡಕ್ಕೂ ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಎಲ್ಲ ಆಮ್ಲಗಳಲ್ಲೂ ಈ ಮೂಲವಸ್ತು ಇರಬೇಕೆಂದು ಹದಿನೆಂಟನೆಯ ಶತಮಾನದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ ತಪ್ಪಾಗಿ ಭಾವಿಸಿ ಕೊಟ್ಟ ಹೆಸರು ಅದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ತಪ್ಪು ಮಾತ್ರ ಎರಡೂ ಭಾಷೆಗಳಲ್ಲಿ ಉಳಿದುಕೊಂಡಿತು.

ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ ಎಂಬ ದೂರು ನಿಜ, ಆದರೆ ಪೂರ್ತಿ ನಿಜವಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಭಾರತೀಯ ಭಾಷೆಗಳಲ್ಲಿ ಹೊರತಂದ ಪುಸ್ತಕಗಳಲ್ಲಿ ಕನ್ನಡದವೂ ಇವೆ, ಅವನ್ನು ಅದರ ಇ-ಕುಂಭ್ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಕನ್ನಡದ ನಿಘಂಟುಗಳು ದೊರೆಯುತ್ತವೆ. ಎಲ್ಲಕ್ಕಿಂತ ಹತ್ತಿರದ ಆಕರ ನಿಮ್ಮದೇ ಎಂಟು, ಒಂಬತ್ತು, ಹತ್ತನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕಗಳು. ಊರಿನ ಮನೆಯ ಅಟ್ಟದ ಮೇಲಿದ್ದರೆ ಮುಂದಿನ ರಜೆಯಲ್ಲಿ ತೆಗೆದುಕೊಂಡು ಬನ್ನಿ.

ಐದನೆಯ ಹೆಜ್ಜೆ: ಪುಸ್ತಕಗಳನ್ನು ಮೂರಕ್ಕೆ ಇಳಿಸಿ

ಒಂದು ಅಡಿಪಾಯಕ್ಕೆ, ಒಂದು ವಿವರಣೆಗೆ, ಒಂದು ನಿಮ್ಮ ಪಠ್ಯಕ್ರಮಕ್ಕೆ. ಅಡಿಪಾಯಕ್ಕೆ ಎನ್‌ಸಿಇಆರ್‌ಟಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಪುಸ್ತಕಗಳು ಸಾಕು, ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. 2022-23ರ ಪರಿಷ್ಕರಣೆಯಲ್ಲಿ ಹನ್ನೊಂದನೆಯ ತರಗತಿಯ ಪುಸ್ತಕದ 14 ಅಧ್ಯಾಯಗಳು 9ಕ್ಕೆ ಇಳಿದವು, ಹನ್ನೆರಡನೆಯ ತರಗತಿಯ 16 ಅಧ್ಯಾಯಗಳು 10ಕ್ಕೆ ಇಳಿದವು. ಹೊರಬಿದ್ದವುಗಳಲ್ಲಿ ವಸ್ತುವಿನ ಸ್ಥಿತಿಗಳು, ಘನ ಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಆವರ್ತಕ ಕೋಷ್ಟಕದ ಎಸ್ ಮತ್ತು ಪಿ ಖಂಡದ ಧಾತುಗಳು ಇದ್ದವು. ಪದವಿಯಲ್ಲಿ ಅನಿಲ ಸ್ಥಿತಿ, ಘನ ಸ್ಥಿತಿ, ಪಿ ಖಂಡದ ಪಾಠಗಳು ಬಂದಾಗ ಅಧ್ಯಾಪಕರು 'ಇದನ್ನು ಪಿಯುಸಿಯಲ್ಲಿ ಓದಿದ್ದೀರಿ' ಎಂದು ಮುಂದೆ ಸಾಗಿದರೆ, ಹೊಸ ಪುಸ್ತಕ ಓದಿ ಬಂದ ವಿದ್ಯಾರ್ಥಿಗೆ ಅದು ಮೊದಲ ಬಾರಿಯ ಪಾಠ. ಈ ಅಂತರವನ್ನು ತುಂಬಲು 2022ಕ್ಕಿಂತ ಹಿಂದಿನ ಮುದ್ರಣದ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಹುಡುಕಿ. ಹಳೆಯ ಪುಸ್ತಕದ ಅಂಗಡಿಯಲ್ಲಿ ಅಥವಾ ಪಕ್ಕದ ಮನೆಯ ಅಕ್ಕ, ಅಣ್ಣಂದಿರ ಬಳಿ ಅವು ಸುಲಭವಾಗಿ ಸಿಗುತ್ತವೆ. ಹಳತೆಂದು ಮೂಗು ಮುರಿಯಬೇಡಿ, ಈ ಒಂದು ವಿಷಯದಲ್ಲಿ ಹಳತೇ ಮೇಲು.

ವಿವರಣೆಗೆ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ 'ಕೆಮಿಸ್ಟ್ರಿ' ಎರಡನೆಯ ಆವೃತ್ತಿಯನ್ನು ಸೂಚಿಸುತ್ತೇನೆ. 2019ರ ಈ ಆವೃತ್ತಿ ಉಚಿತ, ಇಡೀ ಪುಸ್ತಕವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು, ಇಂಗ್ಲಿಷ್ ಸರಳವಾಗಿದೆ. ಅಮೆರಿಕದ ವಿದ್ಯಾರ್ಥಿಗಳಿಗಾಗಿ ಬರೆದದ್ದಾದ್ದರಿಂದ ಉದಾಹರಣೆಗಳು ನಮಗೆ ದೂರದವು, ನಮ್ಮ ಪರೀಕ್ಷೆ ಕೇಳುವ ಕೆಲವು ವಿಷಯಗಳು ಅದರಲ್ಲಿ ತೆಳುವಾಗಿವೆ. ಹಾಗಾಗಿ ಅದನ್ನು ಅರ್ಥಕ್ಕಾಗಿ ಓದಿ, ಉತ್ತರ ಬರೆಯುವ ಮಾದರಿಗಾಗಿ ಓದಬೇಡಿ. ಮೂರನೆಯ ಪುಸ್ತಕ ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆಂದೇ ಬರೆದದ್ದು. ಯಾವುದೆಂದು ಅಧ್ಯಾಪಕರನ್ನು ಕೇಳಿ, ಕೊಳ್ಳುವ ಮುನ್ನ ಗ್ರಂಥಾಲಯದ ಪ್ರತಿಯಲ್ಲಿ ನಿಮಗೆ ಕಷ್ಟವಾದ ಒಂದು ಪಾಠವನ್ನು ಓದಿ ನೋಡಿ.

ಗ್ರಂಥಾಲಯದ ಮಾತು ಬಂದದ್ದರಿಂದ ಒಂದು ಸಲಹೆ. ಅನೇಕ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ಗ್ರಂಥಾಲಯಗಳ ರಾಷ್ಟ್ರೀಯ ಜಾಲವಾದ ಇನ್‌ಫ್ಲಿಬ್ನೆಟ್‌ನ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ಪಡೆದಿರುತ್ತವೆ. ಗ್ರಂಥಪಾಲಕರನ್ನು ಕೇಳಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಪಡೆದರೆ ಸಾವಿರಾರು ರೂಪಾಯಿ ಬೆಲೆಯ ಇ-ಪುಸ್ತಕಗಳನ್ನು ಮನೆಯಲ್ಲೇ ಕುಳಿತು ಓದಬಹುದು. ಕೇಳುವವರಿಲ್ಲದೆ ಈ ಸೌಲಭ್ಯ ಎಷ್ಟೋ ಕಡೆ ಹಾಗೆಯೇ ಬಿದ್ದಿದೆ.

ಆರನೆಯ ಹೆಜ್ಜೆ: ಪರದೆಯನ್ನು ನೋಡಲೇಬೇಕಾದದ್ದಕ್ಕೆ ಮಾತ್ರ ಬಳಸಿ

ಅಣುವಿನ ಆಕಾರ, ಅನಿಲದ ಕಣಗಳ ಚಲನೆ, ಸಮತೋಲನ ಇವುಗಳನ್ನು ಕಪ್ಪು ಹಲಗೆಯ ಮೇಲೆ ತೋರಿಸುವುದು ಕಷ್ಟ. ಇದಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ ಉಚಿತ ಸಿಮ್ಯುಲೇಶನ್‌ಗಳಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೊಬೈಲಿನ ಬ್ರೌಸರಿನಲ್ಲೇ ನಡೆಯುತ್ತವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ಬಳಸಬಹುದು, ಕೆಲವು ಕನ್ನಡದಲ್ಲೂ ಇವೆ. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಪಾಠ ಮಾಡಿರುವ ಎನ್‌ಪಿಟಿಇಎಲ್ ವಿಡಿಯೊಗಳು ಉತ್ತಮವಾಗಿವೆ, ಆದರೆ ಮೊದಲ ಸೆಮಿಸ್ಟರಿಗೆ ಸ್ವಲ್ಪ ಭಾರ. ವಿಡಿಯೊ ನೋಡುವುದಾದರೆ ಪಾಠ ಓದಿದ ನಂತರ, ಪೆನ್ನು ಕೈಯಲ್ಲಿ ಹಿಡಿದು, ಒಂದು ನಿರ್ದಿಷ್ಟ ಸಂಶಯಕ್ಕಾಗಿ ನೋಡಿ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಈಗ ಎಲ್ಲರೂ ಬಳಸುತ್ತಾರೆ. ಪದದ ಅರ್ಥ ಕೇಳಲು, ನಿಮ್ಮ ವಾಕ್ಯದ ಇಂಗ್ಲಿಷ್ ತಿದ್ದಿಸಲು ಅವು ಸಹಾಯಕ. ಲೆಕ್ಕದಲ್ಲಿ ಅವು ತಪ್ಪು ಉತ್ತರವನ್ನೂ ಪೂರ್ಣ ವಿಶ್ವಾಸದ ಧ್ವನಿಯಲ್ಲಿ ಕೊಡಬಲ್ಲವು. ಏಕಮಾನ ಮತ್ತು ತಾಳೆ ನೋಡುವ ಅಭ್ಯಾಸ ಇಲ್ಲದವರಿಗೆ ಆ ತಪ್ಪು ಕಾಣುವುದೇ ಇಲ್ಲ.

ಏಳನೆಯ ಹೆಜ್ಜೆ: ಪ್ರಯೋಗಾಲಯವನ್ನು ಪುಸ್ತಕದಂತೆ ಓದಿ

ಪ್ರಾಯೋಗಿಕ ತರಗತಿಯನ್ನು ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳುವ ಸ್ಥಳವೆಂದು ತಿಳಿದವರು ದೊಡ್ಡದೊಂದು ಆಕರವನ್ನು ಕಳೆದುಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ಪ್ರಯೋಗದ ತತ್ತ್ವ, ಸಮೀಕರಣ ಮತ್ತು ಲೆಕ್ಕದ ಸೂತ್ರವನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಹತ್ತಿ ಬಟ್ಟೆಯ ಏಪ್ರನ್, ಮುಚ್ಚಿದ ಪಾದರಕ್ಷೆ ಇರಲಿ. ಕಲಬುರಗಿಯ ಬೇಸಿಗೆಯಲ್ಲಿ ಇವೆರಡೂ ಹಿಂಸೆಯೆನಿಸುವುದು ನಿಜ, ಆದರೂ ಬಿಡುವಂತಿಲ್ಲ. ಪಿಪೆಟ್ಟನ್ನು ಬಾಯಿಂದ ಹೀರಬೇಡಿ, ರಬ್ಬರ್ ಬಲ್ಬ್ ಕೇಳಿ ಪಡೆಯಿರಿ. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಬಾರದು.

ಟೈಟ್ರೇಶನ್, ಅಂದರೆ ಪ್ರಮಾಣ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಗೊತ್ತಿಲ್ಲದ್ದನ್ನು ಅಳೆಯುವುದನ್ನು, ಕಲಿಯಲು ನಮ್ಮ ಭಾಗದ ಬೋರ್‌ವೆಲ್ ನೀರಿಗಿಂತ ಒಳ್ಳೆಯ ಮಾದರಿ ಬೇರೆ ಬೇಕಿಲ್ಲ. ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವುದು, ಸಾಬೂನು ನೊರೆ ಬರದಿರುವುದು, ತೊಗರಿ ಬೇಳೆ ಎಷ್ಟು ಹೊತ್ತಾದರೂ ಬೇಯದಿರುವುದು ಇವೆಲ್ಲ ಗಡಸು ನೀರಿನ ಲಕ್ಷಣಗಳು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಬೇಳೆಯ ಪೆಕ್ಟಿನ್‌ನೊಂದಿಗೆ ಬಂಧ ಕಟ್ಟಿ ಅದು ಮೆತ್ತಗಾಗದಂತೆ ತಡೆಯುತ್ತವೆ. ಅವ್ವ ಚಿಟಿಕೆ ಸೋಡಾ ಹಾಕಿ ಬೇಯಿಸುವುದು ಇದಕ್ಕೇ. ಹಂಡೆಯ ಪೊರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಶಹಾಬಾದ್ ಕಲ್ಲಿನ ಮುಖ್ಯ ಅಂಶವೇ.

ಪ್ರಯೋಗ ಹೀಗೆ ನಡೆಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎಯ ಡೈಸೋಡಿಯಂ ಲವಣವನ್ನು 0.9306 ಗ್ರಾಂ ತೂಗಿ, ಅದನ್ನು 250 ಮಿಲಿಲೀಟರ್ ಪ್ರಮಾಣಿತ ಫ್ಲಾಸ್ಕಿನಲ್ಲಿ ಕರಗಿಸಿ ಗುರುತಿನವರೆಗೆ ತುಂಬಿದರೆ 0.01 ಮೋಲಾರ್ ದ್ರಾವಣವಾಗುತ್ತದೆ. ಬ್ಯುರೆಟ್ಟನ್ನು ಮೊದಲು ನೀರಿನಿಂದ, ನಂತರ ಇದೇ ದ್ರಾವಣದಿಂದ ತೊಳೆದು ತುಂಬಿ, ಕೆಳತುದಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಭಟ್ಟಿ ಇಳಿಸಿದ ನೀರಿನಿಂದಲೇ ತೊಳೆಯಬೇಕು. ಅದನ್ನು ಮಾದರಿ ನೀರಿನಿಂದ ತೊಳೆದರೆ ಗೋಡೆಗೆ ಅಂಟಿ ಉಳಿದ ಹನಿಗಳು ನೀವು ಪಿಪೆಟ್ಟಿನಿಂದ ಅಳೆದು ಹಾಕಿದ್ದಕ್ಕೆ ಸೇರಿಕೊಳ್ಳುತ್ತವೆ. ಈ ವ್ಯತ್ಯಾಸವನ್ನು ವೈವಾದಲ್ಲಿ ಕೇಳದ ಪರೀಕ್ಷಕರನ್ನು ನಾನು ನೋಡಿಲ್ಲ. 50 ಮಿಲಿಲೀಟರ್ ಬೋರ್‌ವೆಲ್ ನೀರಿಗೆ ಪಿಎಚ್ 10ರ ಅಮೋನಿಯಾ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಮತ್ತು ಚೂರೇ ಚೂರು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಸೇರಿಸಿದಾಗ ದ್ರಾವಣ ದ್ರಾಕ್ಷಾರಸದ ಕೆಂಪಾಗುತ್ತದೆ. ಇಡಿಟಿಎ ಬೀಳುತ್ತಾ ಹೋದಂತೆ ನೇರಳೆಯಾಗಿ, ಕೊನೆಗೆ ಕೆಂಪಿನ ಛಾಯೆ ಪೂರ್ತಿ ಅಳಿದು ಸ್ವಚ್ಛ ನೀಲಿಯಾದಾಗ ನಿಲ್ಲಿಸಬೇಕು. ನೇರಳೆಯಲ್ಲೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಕೆಲವು ಹನಿಗಳನ್ನು ಒಂದೊಂದಾಗಿ ಬಿಟ್ಟು, ನಡುವೆ ಫ್ಲಾಸ್ಕನ್ನು ಚೆನ್ನಾಗಿ ಅಲುಗಾಡಿಸಿ ಕಾಯಿರಿ.

0.01 ಮೋಲಾರ್ ಇಡಿಟಿಎಯ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸಮ. ನಿಮಗೆ 20 ಮಿಲಿಲೀಟರ್ ಬೇಕಾಯಿತೆಂದರೆ 50 ಮಿಲಿಲೀಟರ್ ನೀರಿನಲ್ಲಿ 20 ಮಿಲಿಗ್ರಾಂ ಇದೆ, ಅಂದರೆ ಲೀಟರಿಗೆ 400 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನಕ್ಕೆ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಅದೇ ನೀರನ್ನು ಕುದಿಸಿ, ಸೋಸಿ, ಮತ್ತೆ ಟೈಟ್ರೇಟ್ ಮಾಡಿ. ಎರಡು ಉತ್ತರಗಳ ವ್ಯತ್ಯಾಸವೇ ತಾತ್ಕಾಲಿಕ ಗಡಸುತನ. ಆರ್‌ಒ ನೀರನ್ನೂ ಒಮ್ಮೆ ಪರೀಕ್ಷಿಸಿ ನೋಡಿ, ಕೆಲವೇ ಹನಿಗಳಲ್ಲಿ ನೀಲಿಯಾಗುತ್ತದೆ. ಮೋಲ್, ಅಯಾನು, ಪಿಎಚ್, ಬಫರ್, ಸಂಕೀರ್ಣ ಸಂಯುಕ್ತ ಈ ಐದೂ ಪಾಠಗಳು ಒಂದೇ ಫ್ಲಾಸ್ಕಿನಲ್ಲಿ ಸೇರಿವೆ.

ಉತ್ಕರ್ಷಣ, ಅಪಕರ್ಷಣಕ್ಕೆ ಇಷ್ಟೇ ಒಳ್ಳೆಯ ಉದಾಹರಣೆ ಬೀದರಿನಲ್ಲಿದೆ. ಬಿದ್ರಿ ಪಾತ್ರೆಯನ್ನು ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಚಿತ್ತಾರ ಬಿಡಿಸುವ ಮುನ್ನ ಕುಶಲಕರ್ಮಿ ಅದರ ಮೇಲೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣವನ್ನು ಉಜ್ಜಿದಾಗ ಮೇಲ್ಮೈ ಕಪ್ಪಾಗುತ್ತದೆ, ಗೆರೆಗಳು ಅದರ ಮೇಲೆ ಎದ್ದು ಕಾಣುತ್ತವೆ. ಸತುವಿನ ಪ್ರಮಾಣಿತ ಎಲೆಕ್ಟ್ರೋಡ್ ವಿಭವ (ಇದು ಕಡಿಮೆ ಇದ್ದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ) -0.76 ವೋಲ್ಟ್, ತಾಮ್ರದ್ದು +0.34; ಸತುವು ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಅತಿ ಸಣ್ಣ ಕಣಗಳಾಗಿ ಮೇಲ್ಮೈಗೆ ಬಂದು ಕೂರುತ್ತದೆ. ಬೆಳ್ಳಿ ಕೂಡಿಸಿದ ನಂತರ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಬಳಸಿ ಕೊನೆಯ ಬಾರಿ ಕಪ್ಪು ಮಾಡುವಾಗ ಮಿಶ್ರಲೋಹ ಕಪ್ಪಾದರೂ +0.80 ವೋಲ್ಟ್ ವಿಭವದ ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಎಲೆಕ್ಟ್ರೋಡ್ ವಿಭವದ ಕೋಷ್ಟಕವನ್ನು ಬಾಯಿಪಾಠ ಮಾಡುವ ಮೊದಲು ಒಂದು ಬಿದ್ರಿ ಪಾತ್ರೆಯನ್ನು ಕೈಯಲ್ಲಿ ಹಿಡಿದು ನೋಡಿ.

ಎಂಟನೆಯ ಹೆಜ್ಜೆ: ವಾರಕ್ಕೊಂದು ಲಯ

ಆಳಂದ, ಜೇವರ್ಗಿ, ಅಫಜಲಪುರದಿಂದ ಬಸ್ಸಿನಲ್ಲಿ ಬಂದು ಹೋಗುವವರಿಗೆ ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಆ ಸಮಯವನ್ನು ಪದಗಳ ನೋಟ್‌ಪುಸ್ತಕಕ್ಕೆ, ಆವರ್ತಕ ಕೋಷ್ಟಕಕ್ಕೆ, ಅಯಾನುಗಳ ಹೆಸರಿಗೆ ಮೀಸಲಿಡಿ. ಲೆಕ್ಕವನ್ನು ಬಸ್ಸಿನಲ್ಲಿ ಮಾಡಬೇಡಿ, ಅದಕ್ಕೆ ಬೆಳಗಿನ ತಂಪು ಹೊತ್ತೇ ಸರಿ. ತರಗತಿಯಲ್ಲಿ ನಡೆದ ಪಾಠವನ್ನು ಅದೇ ದಿನ ರಾತ್ರಿ ಪುಸ್ತಕ ಮುಚ್ಚಿಟ್ಟು ಅರ್ಧ ಪುಟದಲ್ಲಿ ಬರೆಯಿರಿ. ಬರೆಯಲಾಗದೆ ನಿಂತ ಜಾಗವೇ ಮರುದಿನ ಅಧ್ಯಾಪಕರಿಗೆ ಕೇಳಬೇಕಾದ ಪ್ರಶ್ನೆ. ಭಾನುವಾರ ಮೂರು ನಾಲ್ಕು ಗೆಳೆಯರು ಸೇರಿ, ಒಬ್ಬರು ಇನ್ನೊಬ್ಬರಿಗೆ ಒಂದು ಪಾಠ ಹೇಳಿಕೊಡುವಂತೆ ಸರದಿ ಮಾಡಿಕೊಳ್ಳಿ. ಗುಂಪು ಐದನ್ನು ಮೀರಿದರೆ ಅದು ಹರಟೆಯ ಕಟ್ಟೆಯಾಗುತ್ತದೆ.

ಒಂಬತ್ತನೆಯ ಹೆಜ್ಜೆ: ಹಳೆಯ ಪ್ರಶ್ನೆಪತ್ರಿಕೆಗಳು, ಆದರೆ ಕೊನೆಯಲ್ಲಿ

ಪ್ರಶ್ನೆಪತ್ರಿಕೆಗಳಿಂದಲೇ ಓದು ಆರಂಭಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಪಠ್ಯಕ್ರಮ ಬದಲಾಗುತ್ತಿರುವ ಈ ವರ್ಷಗಳಲ್ಲಿ ಅದು ಅಪಾಯಕಾರಿಯೂ ಹೌದು. ಘಟಕಗಳು ಮುಗಿದ ಮೇಲೆ, ಪರೀಕ್ಷೆಗೆ ಮೂರು ವಾರ ಇರುವಾಗ, ನಿಮ್ಮ ಪಠ್ಯಕ್ರಮಕ್ಕೆ ಹೊಂದುವ ಮೂರು ಪತ್ರಿಕೆಗಳನ್ನು ಆರಿಸಿ, ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಬರೆಯಿರಿ. ನಂತರ ಕಳೆದುಹೋದ ಪ್ರತಿ ಅಂಕದ ಪಕ್ಕದಲ್ಲಿ ಕಾರಣವನ್ನು ಒಂದೇ ಪದದಲ್ಲಿ ಬರೆಯಿರಿ: ಲೆಕ್ಕ, ಏಕಮಾನ, ಪದ, ಪರಿಕಲ್ಪನೆ ಅಥವಾ ಸಮಯ. ಲೆಕ್ಕ ಮತ್ತು ಏಕಮಾನ ಎಂದು ಬಂದರೆ ಮೂರನೆಯ ಹೆಜ್ಜೆಗೆ ಮರಳಿ. ಪದ ಎಂದು ಬಂದರೆ ನಾಲ್ಕನೆಯದಕ್ಕೆ. ಪರಿಕಲ್ಪನೆಯಾದರೆ ವಿವರಣೆಯ ಪುಸ್ತಕದ ಆ ಒಂದು ವಿಭಾಗಕ್ಕೆ ಮಾತ್ರ. ಸಮಯ ಸಾಲದಿದ್ದರೆ ಹೊಸದೇನನ್ನೂ ಓದದೆ ನಾಲ್ಕನೆಯ ಪತ್ರಿಕೆಯನ್ನು ಬರೆಯಿರಿ.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ರೆಕಾರ್ಡ್ ಬುಕ್ಕಿನ ಎಲ್ಲ ಪ್ರಯೋಗಗಳಿಗೂ ಸಹಿ ಬಿದ್ದಿದೆಯೇ ಎಂದು ನೋಡಿ, ಕ್ಯಾಲ್ಕುಲೇಟರಿನ ಬ್ಯಾಟರಿ ಪರೀಕ್ಷಿಸಿ, ಬ್ಯುರೆಟ್ ಓದುವಾಗ ಬಣ್ಣವಿಲ್ಲದ ದ್ರಾವಣಕ್ಕೆ ಕೆಳಗಿನ ವಕ್ರರೇಖೆ, ಪರ್ಮ್ಯಾಂಗನೇಟಿನಂಥ ಗಾಢ ಬಣ್ಣದ್ದಕ್ಕೆ ಮೇಲಿನ ಅಂಚು ಎಂಬುದನ್ನು ನೆನಪಿಸಿಕೊಳ್ಳಿ. ಪರೀಕ್ಷೆ ಮುಗಿದ ಸಂಭ್ರಮದಲ್ಲಿ ಹಳೆಯ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಮಾತ್ರ ರದ್ದಿಗೆ ಹಾಕಬೇಡಿ. ಮುಂದಿನ ಸೆಮಿಸ್ಟರುಗಳಲ್ಲಿ ಘನ ಸ್ಥಿತಿಯ ಪಾಠ ಬಂದಾಗ ಅವೇ ಬೇಕಾಗುತ್ತವೆ.